ಗರ್ಭಕ್ಕೆ ಮುನ್ನವೇ ಆರಂಭವಾಗುವ ಹೊಣೆ

ಮಗುವೊಂದು ಅಂಗದೋಷದೊಂದಿಗೆ ಜನಿಸಿದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಮೊದಲನೆಯದು, ಇದು ಅಲ್ಲಾಹನ ತೀರ್ಮಾನ, ನಾವೇನು ಮಾಡಲಾದೀತು ಎಂಬ ಮಾತು. ಎರಡನೆಯದು, ಸೊಸೆ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು, ಅಂದು ಈಳಿಗೆಯಲ್ಲಿ ತರಕಾರಿ ಹೆಚ್ಚಿದ್ದಳು, ಅದಕ್ಕೇ ಮಗುವಿನ ತುಟಿ ಸೀಳಿತು ಎಂಬ ಮಾತು. ಮೊದಲನೆಯದರಲ್ಲಿ ಸತ್ಯವಿದೆ, ಆದರೆ ನಾವು ಅದನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಎರಡನೆಯದರಲ್ಲಿ ಸತ್ಯದ ಲವಲೇಶವೂ ಇಲ್ಲ, ಆದರೆ ಅದರ ಭಾರವನ್ನು ಒಬ್ಬ ತಾಯಿ ಜೀವನಪರ್ಯಂತ ಹೊರುತ್ತಾಳೆ. ಇವೆರಡರ ನಡುವೆ ಆಡಬೇಕಾದ ಮೂರನೆಯ ಮಾತೊಂದಿದೆ. ಗರ್ಭ ಧರಿಸುವ ಮುನ್ನ ಆ ತಾಯಿಯ ತೂಕವೆಷ್ಟಿತ್ತು, ರಕ್ತದಲ್ಲಿ ಸಕ್ಕರೆ ಎಷ್ಟಿತ್ತು, ಅವಳ ತಟ್ಟೆಯಲ್ಲಿ ಸೊಪ್ಪು ಇತ್ತೇ, ಅವಳ ಕೈಗೆ ಫೋಲಿಕ್ ಆಮ್ಲದ ಮಾತ್ರೆ ತಲುಪಿತ್ತೇ? ಈ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಕೇಳಿದರೂ ತಡವಾಗಿ ಕೇಳುತ್ತೇವೆ.

ಗ್ರಹಣದ ಮಾತನ್ನು ಮೊದಲು ಮುಗಿಸೋಣ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಜನರು ಆ ಸಾವಿಗೂ ಗ್ರಹಣಕ್ಕೂ ನಂಟು ಕಲ್ಪಿಸಿದರು. ಪುತ್ರಶೋಕದಲ್ಲಿದ್ದ ಆ ಘಳಿಗೆಯಲ್ಲೂ ಪ್ರವಾದಿವರ್ಯರು(ಸ) ಆ ಕಲ್ಪನೆಯನ್ನು ತಿರಸ್ಕರಿಸಿ, ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳೇ ಹೊರತು ಯಾರ ಹುಟ್ಟುಸಾವಿಗಾಗಿಯೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದು ತಿಳಿಸಿದರು. ಈ ಹದೀಸನ್ನು ನಾವು ಗ್ರಹಣದ ನಮಾಝಿನ ಸಂದರ್ಭದಲ್ಲಿ ಕೇಳುತ್ತೇವೆ. ಅದೇ ದಿನ ಮನೆಯ ಬಸುರಿಯನ್ನು ಕತ್ತಲ ಕೋಣೆಯಲ್ಲಿ ಅಲುಗಾಡದಂತೆ ಕೂರಿಸುತ್ತೇವೆ. ಕೃಷ್ಣಾ ಮತ್ತು ಘಟಪ್ರಭಾ ತೀರದ ನಮ್ಮ ಊರುಗಳಲ್ಲಿ ಈ ಭಯಕ್ಕೆ ಧರ್ಮಭೇದವಿಲ್ಲ. ನೆರೆಹೊರೆಯಿಂದ ಒಳ್ಳೆಯದನ್ನು ಕಲಿತಂತೆ ಭಯವನ್ನೂ ನಾವು ಕಲಿತಿದ್ದೇವೆ.

ಹಾಗಾದರೆ ನಿಜವಾದ ಕಾರಣಗಳಾವುವು? ಜನಿಸುವ ಪ್ರತಿ ನೂರು ಶಿಶುಗಳಲ್ಲಿ ಎರಡು-ಮೂರಕ್ಕೆ ಯಾವುದಾದರೊಂದು ಗಂಭೀರ ಜನ್ಮದೋಷವಿರುತ್ತದೆ. ಹೃದಯದ ರಂಧ್ರ, ಸೀಳು ತುಟಿ, ತಿರುಚಿದ ಪಾದ, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಉಳಿಯುವ ಸ್ಪೈನಾ ಬೈಫಿಡಾ ಇವುಗಳಲ್ಲಿ ಕೆಲವು. ಅನೇಕ ದೋಷಗಳಿಗೆ ಇಂಥದೇ ಎಂದು ಬೆರಳಿಟ್ಟು ತೋರಿಸಬಲ್ಲ ಕಾರಣ ಸಿಗುವುದಿಲ್ಲ. ಆದರೆ ಅಪಾಯವನ್ನು ಹೆಚ್ಚಿಸುವ ಕೆಲವು ಸಂಗತಿಗಳು ಖಚಿತವಾಗಿ ಗೊತ್ತಾಗಿವೆ: ತಾಯಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಅತಿಯಾದ ತೂಕ, ಫೋಲಿಕ್ ಆಮ್ಲದ ಕೊರತೆ, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೋಯೇಟ್‌ನಂತಹ ಕೆಲವು ಔಷಧಗಳು, ತಂಬಾಕು, ಹತ್ತಿರದ ರಕ್ತಸಂಬಂಧದ ಮದುವೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯಬೇಕಾದ ನರನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಗಮನಕ್ಕೆ ಬರುವಷ್ಟರಲ್ಲಿ ಆ ಅವಧಿಯ ಅರ್ಧ ಕಳೆದಿರುತ್ತದೆ. ಇನ್ನೊಂದೆರಡು ವಾರ ಕಾದು ನೋಡೋಣ ಎನ್ನುವಷ್ಟರಲ್ಲಿ ಉಳಿದರ್ಧವೂ ಮುಗಿದಿರುತ್ತದೆ. ಹೃದಯದ ಕೋಣೆಗಳು ರೂಪುಗೊಳ್ಳುವುದೂ ಮೊದಲ ಎರಡು ತಿಂಗಳೊಳಗೆ. ನಾವು ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ, ತಾಯಿ ಕಾರ್ಡು ಮಾಡಿಸಿ, ಕೆಂಪು ಮಾತ್ರೆ ತರುವುದು ಅದರ ಅನಂತರ. ಆ ಮಾತ್ರೆ ರಕ್ತಹೀನತೆಯನ್ನು ತಡೆಯಲು ಅತ್ಯಗತ್ಯ. ಆದರೆ ಆಗಲೇ ಮುಚ್ಚದೆ ಉಳಿದ ನರನಾಳವನ್ನು ಅದು ಮುಚ್ಚಲಾರದು.

ಫೋಲಿಕ್ ಆಮ್ಲದ ಕಥೆ ನಮ್ಮ ನೆಲಕ್ಕೂ ನಮ್ಮ ಸಮುದಾಯಕ್ಕೂ ತೀರ ಹತ್ತಿರದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಗರ್ಭಿಣಿಯರ ತೀವ್ರ ರಕ್ತಹೀನತೆಯ ಕಾರಣವನ್ನು ಅರಸುತ್ತಾ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಕಾರ್ಮಿಕ ಮಹಿಳೆಯರಲ್ಲಿ ಆ ಕಾಯಿಲೆ ವ್ಯಾಪಕವಾಗಿತ್ತು. ಬೇರೆ ಬೇರೆ ವರ್ಗದ ಮಹಿಳೆಯರ ಆಹಾರವನ್ನು ಹೋಲಿಸಿ ನೋಡಿದಾಗ, ಬಡ ಮುಸ್ಲಿಮ್ ಮಹಿಳೆಯರ ಊಟವೇ ಅತ್ಯಂತ ಸತ್ತ್ವಹೀನವಾಗಿತ್ತೆಂದೂ ರಕ್ತಹೀನತೆ ಅವರಲ್ಲೇ ಅತಿ ಹೆಚ್ಚಾಗಿತ್ತೆಂದೂ ಅವರು ಕಂಡುಕೊಂಡರು. ಯೀಸ್ಟ್‌ನ ಸಾರವನ್ನು ಕೊಟ್ಟಾಗ ಆ ತಾಯಂದಿರು ಚೇತರಿಸಿಕೊಂಡರು. ಈ ಫಲಿತಾಂಶ 1931ರಲ್ಲಿ ಪ್ರಕಟವಾಯಿತು. ಯೀಸ್ಟ್‌ನಲ್ಲಿದ್ದ ಆ ಅಜ್ಞಾತ ಸತ್ತ್ವಕ್ಕೆ ವಿಲ್ಸ್ ಅವರ ಹೆಸರನ್ನೇ ಇಟ್ಟು ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಮೇಲೆ ಅದು ಫೋಲಿಕ್ ಆಮ್ಲವೆನಿಸಿತು. ಇಂದು ಜಗತ್ತಿನಾದ್ಯಂತ ಗರ್ಭಿಣಿಯರು ನುಂಗುವ ಆ ಪುಟ್ಟ ಮಾತ್ರೆಯ ಹಿಂದೆ ಮುಂಬಯಿಯ ನೇಕಾರ ವರ್ಗದ, ಪರದೆಯೊಳಗಿನ ತಾಯಂದಿರ ನೋವಿದೆ. ನೂರು ವರ್ಷಗಳ ಬಳಿಕವೂ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ನಮ್ಮ ಹೆಣ್ಣುಮಕ್ಕಳಿಗೆ ಅದು ಸಕಾಲದಲ್ಲಿ ತಲುಪುತ್ತಿಲ್ಲವೆಂದರೆ ಕೊರತೆ ಔಷಧದ್ದಲ್ಲ, ನಮ್ಮ ಕಾಳಜಿಯದ್ದು.

ಜನ್ಮದೋಷಕ್ಕೂ ಈ ಸತ್ತ್ವಕ್ಕೂ ಇರುವ ಸಂಬಂಧವನ್ನು ನಿಸ್ಸಂಶಯವಾಗಿ ಸ್ಥಾಪಿಸಿದ್ದು 1991ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಏಳು ದೇಶಗಳ 33 ಕೇಂದ್ರಗಳಲ್ಲಿ, ಹಿಂದೊಮ್ಮೆ ನರನಾಳ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಕೆಲವರಿಗೆ ಗರ್ಭಕ್ಕೆ ಮುನ್ನವೇ ಫೋಲಿಕ್ ಆಮ್ಲ ಕೊಡಲಾಯಿತು, ಕೆಲವರಿಗೆ ಕೊಡಲಿಲ್ಲ. ಫಲಿತಾಂಶ ತಿಳಿದ 1195 ಗರ್ಭಗಳಲ್ಲಿ 27ರಲ್ಲಿ ದೋಷ ಮರುಕಳಿಸಿತು. ಅವುಗಳಲ್ಲಿ 21 ಫೋಲಿಕ್ ಆಮ್ಲ ಪಡೆಯದವರವು, 6 ಪಡೆದವರವು. ಎಂದರೆ ನೂರಕ್ಕೆ 72ರಷ್ಟು ರಕ್ಷಣೆ. ಅಂದಿನಿಂದ ವೈದ್ಯಲೋಕದ ಸಲಹೆ ಸ್ಪಷ್ಟವಾಗಿದೆ: ಮಗು ಬೇಕೆಂದು ಬಯಸುವ ಪ್ರತಿ ಮಹಿಳೆ ಗರ್ಭಕ್ಕೆ ಮುನ್ನವೇ ಆರಂಭಿಸಿ ಮೊದಲ ಮೂರು ತಿಂಗಳು ಮುಗಿಯುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಹಿಂದಿನ ಮಗುವಿಗೆ ಈ ದೋಷವಿದ್ದವರಿಗೆ, ಸಕ್ಕರೆ ಕಾಯಿಲೆಯುಳ್ಳವರಿಗೆ, ಮೂರ್ಛೆರೋಗಕ್ಕೆ ಔಷಧ ಸೇವಿಸುವವರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು.

ಇನ್ನು ತೂಕದ ಮಾತು. 'ಮೈಕೈ ತುಂಬಿಕೊಂಡಿದ್ದಾಳೆ' ಎನ್ನುವುದನ್ನು ನಾವು ಆರೋಗ್ಯದ ಲಕ್ಷಣವೆಂದು ಬಗೆದವರು. ಹಸಿವು ಕಂಡ ತಲೆಮಾರುಗಳಿಗೆ ಅದು ಸಹಜವೂ ಆಗಿತ್ತು. ಆದರೆ ಸ್ವೀಡನ್ ದೇಶದಲ್ಲಿ 2001ರಿಂದ 2014ರವರೆಗಿನ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನನಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಬೇರೆಯೇ ಚಿತ್ರವನ್ನು ಕೊಡುತ್ತದೆ. ಸಮತೂಕದ ತಾಯಂದಿರ ಮಕ್ಕಳಲ್ಲಿ ಗಂಭೀರ ಜನ್ಮದೋಷಗಳ ಪ್ರಮಾಣ ನೂರಕ್ಕೆ 3.4 ಇತ್ತು. ತಾಯಿಯ ತೂಕ ಏರಿದಂತೆ ಅದು 3.5, 3.8, 4.2 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಅತ್ಯಂತ ಸ್ಥೂಲಕಾಯದವರಲ್ಲಿ 4.7 ಆಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸ್ಥೂಲಕಾಯದ ತಾಯಂದಿರ ಮಕ್ಕಳಲ್ಲಿ ಸ್ಪೈನಾ ಬೈಫಿಡಾದ ಸಾಧ್ಯತೆ ಎರಡು ಪಟ್ಟಿಗೂ ಮಿಗಿಲು, ಹೃದಯದೋಷದ ಸಾಧ್ಯತೆ ಸುಮಾರು 1.3 ಪಟ್ಟು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಅತಿ ಹೆಚ್ಚು ತೂಕದ ತಾಯಂದಿರಲ್ಲೂ ನೂರಕ್ಕೆ 95 ಮಕ್ಕಳು ಗಂಭೀರ ದೋಷವಿಲ್ಲದೆ ಹುಟ್ಟಿದವು. ಸಮತೂಕದವರಲ್ಲೂ ಮೂರ್ನಾಲ್ಕು ಮಕ್ಕಳಿಗೆ ದೋಷವಿತ್ತು. ಆದ್ದರಿಂದ ದಪ್ಪಗಿರುವ ಯಾವ ಗರ್ಭಿಣಿಯನ್ನೂ ನಾವು ಹೆದರಿಸಬಾರದು. ದೋಷವಿರುವ ಯಾವ ಮಗುವಿನ ತಾಯಿಗೂ 'ನಿನ್ನ ಮೈಯಿಂದಲೇ ಹೀಗಾಯಿತು' ಎನ್ನಬಾರದು. ಒಬ್ಬಳ ವಿಷಯದಲ್ಲಿ ಹಾಗೆಂದು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಸಮುದಾಯವಾಗಿ ಮಾತ್ರ ನಾವು ಹೇಳಬಹುದಾದದ್ದು ಇಷ್ಟು: ತಾಯಂದಿರ ತೂಕ ಮತ್ತು ಸಕ್ಕರೆ ಗರ್ಭಕ್ಕೆ ಮುನ್ನ ಹತೋಟಿಯಲ್ಲಿದ್ದರೆ ನಮ್ಮ ನಡುವೆ ಕೆಲವು ಮಕ್ಕಳಾದರೂ ಈ ಕಷ್ಟದಿಂದ ಪಾರಾಗುತ್ತಾರೆ.

ತೂಕ ಹೀಗೇಕೆ ಕಾಡುತ್ತದೆ? ತೂಕದ ಜೊತೆಗೆ ಅನೇಕ ಬಾರಿ ಪತ್ತೆಯಾಗದ ಸಕ್ಕರೆ ಕಾಯಿಲೆ ಇರುತ್ತದೆ. ಗರ್ಭದ ಮೊದಲ ವಾರಗಳಲ್ಲಿ ರಕ್ತದ ಸಕ್ಕರೆ ಮಿತಿಮೀರಿದ್ದರೆ ರೂಪುಗೊಳ್ಳುತ್ತಿರುವ ಅಂಗಗಳಿಗೆ ಅದು ಘಾತಕ. ಗರ್ಭಕ್ಕೆ ಮೊದಲೇ ಸಕ್ಕರೆ ಕಾಯಿಲೆಯುಳ್ಳವರ ಮಕ್ಕಳಲ್ಲಿ ಜನ್ಮದೋಷದ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯನ್ನು 6.5ಕ್ಕಿಂತ ಕೆಳಗಿಳಿಸಿಕೊಂಡು ಗರ್ಭ ಧರಿಸಿದರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ. ಸ್ಥೂಲಕಾಯದವರ ರಕ್ತದಲ್ಲಿ ಫೋಲಿಕ್ ಆಮ್ಲದ ಮಟ್ಟವೂ ಕಡಿಮೆಯಿರುತ್ತದೆ. ಇದಲ್ಲದೆ ಹೊಟ್ಟೆಯ ಕೊಬ್ಬಿನ ಪದರ ದಪ್ಪವಾದಷ್ಟೂ 18ರಿಂದ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂಗಗಳು ಮಸುಕಾಗಿ ಕಾಣುತ್ತವೆ, ದೋಷವಿದ್ದರೂ ಕಣ್ತಪ್ಪುವ ಸಂಭವವಿರುತ್ತದೆ.

ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು, ಸುಮಾರು 17 ಮಂದಿ ತೀರ ಕೃಶರು. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ. ಇದು ಶ್ರೀಮಂತರ ಒಂದು ರೋಗ, ಬಡವರ ಇನ್ನೊಂದು ರೋಗ ಎಂಬ ಕಥೆಯಲ್ಲ. ದಪ್ಪಗಿದ್ದೂ ರಕ್ತವಿಲ್ಲದ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲಿದ್ದಾರೆ. ಅವರ ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಬೇಕಾದದ್ದು ಸಿಗುವುದಿಲ್ಲ.

ಜಮಖಂಡಿ-ಮುಧೋಳದ ಸೀಮೆ ಕಬ್ಬಿನ ಸೀಮೆ. ಆಲೆಮನೆಯ ಬೆಲ್ಲ ನಮ್ಮ ಹೆಮ್ಮೆ. ಸಕ್ಕರೆಯಾದರೆ ಕೆಡುಕು, ಬೆಲ್ಲವಾದರೆ ಎಷ್ಟಾದರೂ ನಡೆದೀತು ಎಂಬ ನಂಬಿಕೆ ಮನೆಮನೆಯಲ್ಲಿದೆ. ರಕ್ತದ ಸಕ್ಕರೆಯ ಮಟ್ಟಿಗೆ ಇವೆರಡರ ನಡುವೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಾಲ್ಕೈದು ಬಾರಿ ಸಿಹಿ ಚಹಾ, ಅದರೊಂದಿಗೆ ಖಾರಿ, ಟೋಸ್ಟ್, ವಾರಕ್ಕೊಂದು ದಾವತ್, ರಮಝಾನಿನಲ್ಲಿ ಇಫ್ತಾರಿನ ಕರಿದ ತಿಂಡಿ. ಇವುಗಳ ಜೊತೆಗೆ ನಡಿಗೆಯಿಲ್ಲದ ಜೀವನ. ನೇಕಾರ ಮನೆಯ ಹೆಂಗಸು ದಿನವಿಡೀ ದುಡಿಯುತ್ತಾಳೆ, ಆದರೆ ಕುಳಿತಲ್ಲಿಯೇ ದುಡಿಯುತ್ತಾಳೆ. ಮನೆಯ ಹೊಸ್ತಿಲು ದಾಟಿ ಅರ್ಧ ಗಂಟೆ ನಡೆಯುವುದು ಅವಳ ಪಾಲಿಗೆ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಯಾರ ಮರ್ಯಾದೆ ಎಂದು ನಾವು ಕೇಳಿಕೊಳ್ಳಬೇಕು. ಫಜ್ರ್ ನಮಾಝಿನ ಬಳಿಕ ನಾಲ್ಕು ಮನೆಯ ಹೆಂಗಸರು ಕೂಡಿ ನಡೆಯಲು ಧರ್ಮದ ಯಾವ ಅಡ್ಡಿಯೂ ಇಲ್ಲ. ಇರುವ ಅಡ್ಡಿ ನಾವು ಕಟ್ಟಿದ್ದು.

ಅದೇ ಹೊತ್ತಿಗೆ ನಮ್ಮ ಸೀಮೆಯ ಊಟದಲ್ಲಿಯೇ ಒಳ್ಳೆಯ ದಾರಿಯೂ ಇದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಡಿಕೆಕಾಳು, ಕಡಲೆ, ಪುಂಡಿಪಲ್ಯ ಮತ್ತು ರೊಟ್ಟಿಯ ಮಗ್ಗುಲಲ್ಲಿ ಹಸಿ ಮೆಂತೆ ಸೊಪ್ಪು. ಫೋಲಿಕ್ ಆಮ್ಲದ ಸಹಜ ರೂಪ ಹಸಿರು ಸೊಪ್ಪಿನಲ್ಲಿಯೂ ಕಾಳುಗಳಲ್ಲಿಯೂ ಹೇರಳ. ಬಹಳ ಹೊತ್ತು ಕುದಿಸಿದರೆ ಅದು ನಾಶವಾಗುತ್ತದೆ. ಹಸಿಯಾಗಿ ತಿನ್ನುವ ನಮ್ಮ ರೂಢಿ ಆ ದೃಷ್ಟಿಯಿಂದ ಉತ್ತಮ. ಅಜ್ಜಿಯರ ಈ ತಟ್ಟೆಯನ್ನು ಬಿಟ್ಟು ಬೇಕರಿಯ ಕಡೆಗೆ ಹೋದದ್ದು ನಾವು. ಪಡಿತರ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳನ್ನು ಬೆರೆಸಿ ಕೊಟ್ಟಾಗ 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆದವರೂ ನಮ್ಮಲ್ಲಿದ್ದಾರೆ. ಆದರೂ ಊಟವೊಂದೇ ಸಾಲದು. ಗರ್ಭಪೂರ್ವದ ಮಾತ್ರೆ ಊಟಕ್ಕೆ ಬದಲಿಯಲ್ಲ, ಊಟ ಮಾತ್ರೆಗೆ ಬದಲಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೂಕ ಇಳಿಸಬೇಕಾದದ್ದು ಗರ್ಭಕ್ಕೆ ಮುನ್ನ. ಗರ್ಭಿಣಿಯಾದ ಮೇಲೆ ಉಪವಾಸದಿಂದಲೋ ಔಷಧದಿಂದಲೋ ತೂಕ ಇಳಿಸಲು ಹೋಗುವುದು ಅಪಾಯಕರ. ಹಾಗೆಂದು 'ಎರಡು ಜೀವದಾಕಿ, ಇಬ್ಬರ ಊಟ ಉಣ್ಣು' ಎಂಬ ಒತ್ತಾಯವೂ ಸರಿಯಲ್ಲ. ಮೊದಲ ಮೂರು ತಿಂಗಳು ಹೆಚ್ಚುವರಿ ಆಹಾರ ಹೆಚ್ಚೇನೂ ಬೇಕಾಗುವುದಿಲ್ಲ. ಅನಂತರ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲರಿ, ಎಂದರೆ ಒಂದೆರಡು ರೊಟ್ಟಿ, ಕಾಳಿನ ಪಲ್ಯ ಮತ್ತು ಒಂದು ಲೋಟ ಹಾಲು. ಹೊಟ್ಟೆಯ ಮೂರನೆಯ ಒಂದು ಭಾಗವನ್ನಷ್ಟೇ ಆಹಾರಕ್ಕೆ ಮೀಸಲಿಡಿರೆಂಬ ಪ್ರವಾದಿವರ್ಯರ(ಸ) ಮಾರ್ಗದರ್ಶನ ಬಲ್ಲ ನಮಗೆ ಮಿತಿಯ ಪಾಠ ಹೊಸದಲ್ಲ. ಗರ್ಭಿಣಿಗೆ ಉಪವಾಸದಲ್ಲಿ ರಿಯಾಯಿತಿಯಿದೆ ಎಂಬುದೂ ನಮಗೆ ಗೊತ್ತು. ಸಕ್ಕರೆ ಕಾಯಿಲೆಯಿರುವ ಗರ್ಭಿಣಿ ವೈದ್ಯರ ಮಾತು ಕೇಳಿ ರೋಝಾ ಬಿಟ್ಟರೆ ಅವಳನ್ನು ಕುಟುಂಬದಲ್ಲಿ ಯಾರೂ ಓರೆಗಣ್ಣಿನಿಂದ ನೋಡಬಾರದು. ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ಅತ್ತೆ-ನಾದಿನಿಯರು ಕಿತ್ತುಕೊಳ್ಳುವುದು ಸಲ್ಲದು.

ನಮ್ಮ ಅಭಿಪ್ರಾಯದಲ್ಲಿ ಬದಲಾವಣೆ ಆರಂಭವಾಗಬೇಕಾದದ್ದು ನಿಕಾಹ್‌ನ ಹೊಸ್ತಿಲಲ್ಲಿ. ಮಹ್ರ್ ಎಷ್ಟು, ಶಾದಿ ಮಹಲ್ ಯಾವುದು, ಎಷ್ಟು ಜನರಿಗೆ ಬಿರಿಯಾನಿ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಮದುಮಕ್ಕಳಿಬ್ಬರ ರಕ್ತದ ಪರೀಕ್ಷೆಗೆ ಒಂದು ಬೆಳಗನ್ನು ಮೀಸಲಿಡಲಾರೆವೇ? ತೂಕ, ಎತ್ತರ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಇವುಗಳಿಗೆ ದುಬಾರಿ ಆಸ್ಪತ್ರೆ ಬೇಕಿಲ್ಲ. ಐದು ಅಡಿ ಎತ್ತರದ ಹೆಣ್ಣುಮಗಳ ತೂಕ 43ರಿಂದ 53 ಕಿಲೋದೊಳಗಿದ್ದರೆ ಸಮ. 58 ಕಿಲೋ ದಾಟಿದರೆ ಭಾರತೀಯರ ಮಾನದಂಡದಲ್ಲಿ ಸ್ಥೂಲಕಾಯ. ಜಮಾಅತ್‌ಗಳು ನಿಕಾಹ್‌ನಾಮೆಯ ಜೊತೆಗೆ ಗರ್ಭಪೂರ್ವದ ಫೋಲಿಕ್ ಆಮ್ಲದ ಬಗ್ಗೆ ಒಂದು ಪುಟದ ತಿಳಿವಳಿಕೆಯನ್ನು ಕನ್ನಡ ಮತ್ತು ಉರ್ದುವಿನಲ್ಲಿ ಕೊಡಬಹುದು. ವರ್ಷಕ್ಕೊಮ್ಮೆಯಾದರೂ ಜುಮಾ ಖುತ್ಬಾದಲ್ಲಿ ಈ ವಿಷಯ ಬರಬಹುದು.

ಇದಕ್ಕೆ ಬರುವ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪರೀಕ್ಷೆಯ ಚೀಟಿ ಗಂಡಿನ ಕಡೆಯವರ ಕೈ ಸೇರಿದರೆ ಅದು ಹೆಣ್ಣನ್ನು ನಿರಾಕರಿಸುವ ಇನ್ನೊಂದು ಅಸ್ತ್ರವಾಗಬಹುದು. ಬಣ್ಣ, ಎತ್ತರ, ವರದಕ್ಷಿಣೆಗಳ ಸಾಲಿಗೆ ತೂಕವೂ ಸೇರಬಹುದು. ಈ ಭಯ ನಿಜವಾದದ್ದು. ಆದ್ದರಿಂದಲೇ ಪರೀಕ್ಷೆ ಇಬ್ಬರಿಗೂ ಆಗಬೇಕು, ಸಂಬಂಧ ನಿಶ್ಚಯವಾದ ಬಳಿಕ ಆಗಬೇಕು, ಫಲಿತಾಂಶ ಆ ಇಬ್ಬರಲ್ಲಿ ಮತ್ತು ವೈದ್ಯರಲ್ಲಿ ಮಾತ್ರ ಉಳಿಯಬೇಕು. ಅದು ಆಯ್ಕೆಯ ಪರೀಕ್ಷೆಯಲ್ಲ, ಆರೈಕೆಯ ಆರಂಭ. ರಕ್ತಹೀನತೆಯೂ ತೂಕವೂ ಸಕ್ಕರೆಯೂ ಹತೋಟಿಗೆ ಬರುವಂಥವು. ಕಳಂಕದಂತೆ ಕಂಡರೆ ಹೆಣ್ಣುಮಕ್ಕಳು ಅವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ಕಾಯಿಲೆ ಗರ್ಭದೊಳಗೆ ತನ್ನ ಕೆಲಸ ಮಾಡುತ್ತದೆ.

ರಕ್ತಸಂಬಂಧದ ಮದುವೆಯ ಬಗ್ಗೆಯೂ ಒಂದು ಮಾತು. ಅದೇ ಸಮೀಕ್ಷೆಯಂತೆ ಕರ್ನಾಟಕದ ಮದುವೆಗಳಲ್ಲಿ ನೂರಕ್ಕೆ ಸುಮಾರು 27 ಬಂಧುಗಳೊಳಗೆ ನಡೆದವು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಹಿಂದೂ ನೆರೆಯವರಲ್ಲಿದೆ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳೊಳಗಿನ ಮದುವೆ ನಮ್ಮಲ್ಲಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಪಾಕಿಸ್ತಾನಿ ಮೂಲದ ಕುಟುಂಬಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಇಂತಹ ಮದುವೆಗಳಲ್ಲಿ ಜನ್ಮದೋಷದ ಅಪಾಯ ನೂರಕ್ಕೆ ಮೂರರಿಂದ ಆರಕ್ಕೆ ಏರುತ್ತದೆಂದು ತೋರಿಸಿತು. ಧರ್ಮ ಇದನ್ನು ಅನುಮತಿಸಿದೆ, ಆದೇಶಿಸಿಲ್ಲ. ಹಿಂದಿನ ತಲೆಮಾರಿನಲ್ಲಿ ದೋಷವಿರುವ ಮಕ್ಕಳು ಹುಟ್ಟಿದ ಮನೆತನಗಳು ಮತ್ತೆ ಅಲ್ಲಿಯೇ ಸಂಬಂಧ ಬೆಳೆಸುವ ಮುನ್ನ ಯೋಚಿಸುವುದು ವಿವೇಕ.

ಈಗ ಮೊದಲಿನ ಮಾತಿಗೆ, ವಿಧಿಯ ಮಾತಿಗೆ, ಬರೋಣ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಬಿಟ್ಟು ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟಲು ಹೇಳಿದರು. ತವಕ್ಕುಲ್ ಎಂದರೆ ಕೈಚೆಲ್ಲುವುದಲ್ಲ. ಒಂಟೆಯ ವಿಷಯದಲ್ಲೇ ಇಷ್ಟು ಎಚ್ಚರ ಬೇಕಾದರೆ ಮಗುವಿನ ವಿಷಯದಲ್ಲಿ ಎಷ್ಟು ಬೇಡ? ತಾಯಿಯು ಹೊರುವ ದಣಿವನ್ನು ಕುರ್‌ಆನ್‌ನ ಸೂರಃ ಲುಕ್ಮಾನ್ ಮತ್ತು ಸೂರಃ ಅಹ್‌ಕಾಫ್ ನಮಗೆ ನೆನಪಿಸುತ್ತವೆ. ಆ ದಣಿವನ್ನು ಸ್ಮರಿಸಿ ಕಣ್ಣೊರೆಸಿಕೊಳ್ಳುವುದರಲ್ಲಿಯೇ ನಮ್ಮ ಕರ್ತವ್ಯ ಮುಗಿಯದು. ಅವಳ ತಟ್ಟೆ, ಅವಳ ನಿದ್ದೆ, ಅವಳ ಪರೀಕ್ಷೆಯ ಖರ್ಚು, ಇವು ಗಂಡನ ಹೊಣೆ. ಎಲ್ಲರೂ ಉಂಡಾದ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಯ ತಟ್ಟೆಯಲ್ಲಿ ಕಾಳು-ಸೊಪ್ಪು ಉಳಿದಿರುವುದಿಲ್ಲ, ಅನ್ನ ಮತ್ತು ಸಾರಿನ ನೀರಷ್ಟೇ ಉಳಿದಿರುತ್ತದೆ.

ಎಲ್ಲ ಎಚ್ಚರ ವಹಿಸಿದ ಮೇಲೂ ದೋಷವಿರುವ ಮಗು ಹುಟ್ಟಬಹುದು. ಆ ಮಗು ಯಾರ ಪಾಪದ ಫಲವೂ ಅಲ್ಲ. ಅಂಧರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಅವರ ನಿಮಿತ್ತ ಸೂರಃ ಅಬಸ ಅವತೀರ್ಣವಾಯಿತು. ಅವರು ಮದೀನದ ಮುಅದ್ದಿನ್‌ಗಳಲ್ಲಿ ಒಬ್ಬರಾಗಿದ್ದರು. ಮಗುವನ್ನು ಮನೆಯೊಳಗೆ ಬಚ್ಚಿಡದೆ ಬೇಗನೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಸೀಳು ತುಟಿ, ತಿರುಚಿದ ಪಾದ, ಹೃದಯದೋಷ, ಕಿವುಡುತನ ಮುಂತಾದವುಗಳ ತಪಾಸಣೆಯೂ ಚಿಕಿತ್ಸೆಯೂ ಉಚಿತ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಮತ್ತು ಆ ತಾಯಿ ಇನ್ನೊಂದು ಮಗುವನ್ನು ಬಯಸಿದರೆ, ಗರ್ಭಕ್ಕೆ ಕನಿಷ್ಠ ಮೂರು ತಿಂಗಳು ಮುನ್ನವೇ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು.

ಜಮಖಂಡಿಯಲ್ಲಿರಲಿ, ಬೀಳಗಿಯ ಹಳ್ಳಿಯಲ್ಲಿರಲಿ, ಮದುವೆಗೆ ಸಿದ್ಧವಾಗಿರುವ ಮಗಳೋ ಸೊಸೆಯೋ ನಮ್ಮೆಲ್ಲರ ಮನೆಗಳಲ್ಲಿದ್ದಾಳೆ. ಅವಳಿಗೆ ಒಡವೆ ಮಾಡಿಸುವ ಮೊದಲು ಅವಳ ಹಿಮೋಗ್ಲೋಬಿನ್ ಎಷ್ಟೆಂದು ಕೇಳೋಣ. ಮಗು ಯಾವಾಗ ಎಂದು ಕೇಳುವ ಮೊದಲು ಫೋಲಿಕ್ ಆಮ್ಲ ಆರಂಭಿಸಿದ್ದೀಯಾ ಎಂದು ಕೇಳೋಣ. ನಮ್ಮ ಸಂತತಿಗೆ ಆರೋಗ್ಯವನ್ನೂ, ನಮಗೆ ಆ ಆರೋಗ್ಯವನ್ನು ಕಾಯುವ ವಿವೇಕವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.